ಬಯಲುಸೀಮೆಯ ಮೇಜಿನ ಮೇಲೊಂದು ಯುದ್ಧನೌಕೆ

ಇವತ್ತಿನ ವಿಷಯ ಕೇಳಿ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯವರು ನಕ್ಕರೆ ತಪ್ಪಿಲ್ಲ. ಮಳೆ ಬಂದರೆ ಬೆಳೆ, ಬಾರದಿದ್ದರೆ ಗುಳೆ ಎನ್ನುವ ಸೀಮೆ ನಮ್ಮದು. ಹಡಗಲಿಯವರಿಗಾದರೂ ತುಂಗಭದ್ರೆ ಇದೆ, ಹರಿಗೋಲು ಇದೆ, ತಮ್ಮೂರ ಮಲ್ಲಿಗೆ ಹಿಂದೆ ಹೊಳೆಯ ಮೇಲೆಯೇ ಹಂಪಿಗೆ ಹೋಗುತ್ತಿತ್ತು ಎಂದು ಹೇಳಿಕೊಳ್ಳಲು ಒಂದು ಕಥೆಯೂ ಇದೆ. ಹಗರಿಬೊಮ್ಮನಹಳ್ಳಿಯವರಿಗೆ ಡ್ಯಾಮಿನ ಹಿನ್ನೀರು ಕಾಣುತ್ತದೆ. ಉಳಿದವರಿಗೆ ಹಡಗು ಎಂದರೆ ಟಿ.ವಿ.ಯಲ್ಲಿ ನೋಡಿದ್ದೇ. ಹೀಗಿರುವಾಗ ಹಳೆಯ ಯುದ್ಧನೌಕೆಗಳನ್ನು ಅಳತೆಗೆ ತಕ್ಕಂತೆ ಚಿಕ್ಕದಾಗಿ, ಕರಾರುವಾಕ್ಕಾಗಿ ಕಟ್ಟುವ ಹವ್ಯಾಸದ ಬಗ್ಗೆ ಇಲ್ಲಿ ಮಾತಾಡುವುದೇಕೆ?

ಏಕೆಂದರೆ ಈ ಕೆಲಸಕ್ಕೆ ಸಮುದ್ರ ಪಕ್ಕದಲ್ಲೇ ಇರಬೇಕೆಂದಿಲ್ಲ. ಅಳತೆಪಟ್ಟಿ ಬೇಕು, ತಾಳ್ಮೆ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದನ್ನೆಲ್ಲ ನಂಬದ ಬುದ್ಧಿ ಬೇಕು. ಶಾಲೆಯ ಮಕ್ಕಳ ಜೊತೆ ಈ ಕೆಲಸ ಮಾಡಿಸುತ್ತ ಬಂದ ನನಗೆ ಗೊತ್ತಾಗಿರುವುದಿಷ್ಟು: ಉಳಿ, ಗರಗಸ ಹಿಡಿದ ಮೇಲೆ ಮಾದರಿ ಕೆಡುವುದು ಕಡಿಮೆ. ಅದು ಕೆಡುವುದು ಉಳಿ ಹಿಡಿಯುವ ಮುಂಚೆ, ಯಾವ ಹಡಗು, ಯಾವ ವರ್ಷದ ಹಡಗು ಎಂದು ಕೇಳಿಕೊಳ್ಳದೆ ಹೋದಾಗ.

ಕೈಗೆಟುಕುವ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ದಡಕ್ಕೆತ್ತಿ ನಿಲ್ಲಿಸಿದ್ದಾರೆ. ನಮ್ಮ ಕಡೆಯ ಶಾಲಾ ಪ್ರವಾಸದ ಬಸ್ಸುಗಳು ಗೋಕರ್ಣ, ಮುರ್ಡೇಶ್ವರ ಮುಗಿಸಿಕೊಂಡು ಅಲ್ಲಿಗೂ ಹೋಗುವುದುಂಟು. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ದೋಣಿ ಅದು. 1976ರ ನವೆಂಬರಿನಲ್ಲಿ ನಮ್ಮ ನೌಕಾಪಡೆಗೆ ಸೇರಿತು, 2005ರಲ್ಲಿ ನಿವೃತ್ತಿಯಾಯಿತು, ಮರುವರ್ಷ ವಸ್ತುಸಂಗ್ರಹಾಲಯವಾಯಿತು. ಉದ್ದ 38.6 ಮೀಟರ್, ಅಂದರೆ ಕೊಟ್ಟೂರೇಶ್ವರನ ತೇರಿನ ಎತ್ತರ ಸುಮಾರು 60 ಅಡಿ ಎಂದಿಟ್ಟುಕೊಂಡರೆ ಅಂಥ ಎರಡು ತೇರಿನಷ್ಟು. ಯುದ್ಧನೌಕೆಗಳ ಲೆಕ್ಕದಲ್ಲಿ ಇದು ತೀರ ಸಣ್ಣದು. ಆದ್ದರಿಂದಲೇ ಮಾದರಿ ಮಾಡುವವರಿಗೆ ಹೇಳಿಮಾಡಿಸಿದಂತಿದೆ.

ನಮ್ಮ ಹುಡುಗರಿಗೆ ಬೇಕಾಗಿರುವುದು ಬರೀ ಚಪಲ್ ಆಗಿರುವುದಿಲ್ಲ. ಅವರಿಗೆ 1971ರ ಕರಾಚಿ ಬೇಕು. ಡಿಸೆಂಬರ್ 4ರ ರಾತ್ರಿ ನಿಪತ್, ನಿರ್ಘಟ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಹತ್ತಿರಕ್ಕೆ ಹೋಗಿ ಪಾಕಿಸ್ತಾನದ ಖೈಬರ್, ಮುಹಾಫಿಜ್ ನೌಕೆಗಳನ್ನು ಮುಳುಗಿಸಿದವಲ್ಲ, ಆ ದೋಣಿ. ಪ್ರತಿ ವರ್ಷ ಡಿಸೆಂಬರ್ 4ನ್ನು ನೌಕಾಪಡೆ ದಿನವೆಂದು ಆಚರಿಸುವುದು ಆ ರಾತ್ರಿಯ ನೆನಪಿಗೇ. ಕಾರವಾರದಲ್ಲಿ ಅಂಥದ್ದೇ ದೋಣಿ ನಿಂತಿದೆ, ಫೋಟೋ ತೆಗೆದುಕೊಂಡು ಬಂದು ಮಾಡಿದರಾಯಿತು ಎಂದು ಹೊರಡುತ್ತಾರೆ.

ಆದರೆ ವರ್ಷ ನೋಡಿ. ಯುದ್ಧ ನಡೆದದ್ದು 1971ರಲ್ಲಿ, ಚಪಲ್ ಬಂದದ್ದು 1976ರಲ್ಲಿ. 1971ರಲ್ಲಿ ನಮ್ಮಲ್ಲಿದ್ದ ಎಂಟು ದೋಣಿಗಳು ಅದೇ ವಂಶದ ಹಿಂದಿನ ತಲೆಮಾರಿನವು. ಉದ್ದಗಲ ಹೆಚ್ಚುಕಡಿಮೆ ಒಂದೇ. ಮುಂದೊಂದು, ಹಿಂದೊಂದು ಜೋಡಿ ನಳಿಗೆಯ 30 ಮಿಲಿಮೀಟರ್ ಫಿರಂಗಿ ಎರಡರಲ್ಲೂ ಇವೆ. ಎರಡು ಪಕ್ಕದಲ್ಲೂ ಸೇರಿ ನಾಲ್ಕು ಕ್ಷಿಪಣಿಗೂಡುಗಳು ಎರಡರಲ್ಲೂ ಇವೆ. ವ್ಯತ್ಯಾಸ ಇರುವುದು ಆ ಗೂಡುಗಳ ಆಕಾರದಲ್ಲಿ. ಹಳೆಯ ದೋಣಿಯಲ್ಲಿ ಅವು ಮೂಲೆಗಳಿರುವ ಪೆಟ್ಟಿಗೆಗಳು. ಒಳಗಿನ ಕ್ಷಿಪಣಿಯ ರೆಕ್ಕೆ ಮಡಚುತ್ತಿರಲಿಲ್ಲವಾದ್ದರಿಂದ ಅದಕ್ಕೆ ಅಷ್ಟು ದೊಡ್ಡ ಕೋಣೆಯೇ ಬೇಕಿತ್ತು. ಆಮೇಲೆ ರೆಕ್ಕೆ ಮಡಚುವ ಕ್ಷಿಪಣಿ ಬಂತು, ಗೂಡು ದುಂಡಗಿನ ಕೊಳವೆಯಾಯಿತು. ಕಾರವಾರದಲ್ಲಿ ನೀವು ನೋಡುವುದು ಈ ದುಂಡು ಕೊಳವೆ. ಅದನ್ನೇ ಮಾಡಿ ಕೆಳಗೆ ‘ನಿರ್ಘಟ್, 1971’ ಎಂದು ಬರೆದರೆ ನೂರಕ್ಕೆ ತೊಂಬತ್ತೊಂಬತ್ತು ಜನ ಚಪ್ಪಾಳೆ ತಟ್ಟುತ್ತಾರೆ. ಆದರೂ ಅದು ನಿರ್ಘಟ್ ಅಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ವಸ್ತುಸಂಗ್ರಹಾಲಯವಾದ ಹಡಗು ಸಮುದ್ರದಲ್ಲಿ ಓಡಾಡಿದ ಹಡಗಲ್ಲ. ಪ್ರವಾಸಿಗರು ಹತ್ತಲೆಂದು ಮೆಟ್ಟಿಲು ಬಂದಿರುತ್ತದೆ, ಬಿದ್ದಾರೆಂದು ಕಂಬಿ ಕಟ್ಟಿರುತ್ತಾರೆ, ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲೆಂದು ಬಣ್ಣದ ಮೇಲೆ ಬಣ್ಣ ಬಳಿದಿರುತ್ತಾರೆ. ಅಳತೆ ತೆಗೆಯುವವನು ಇವನ್ನೆಲ್ಲ ಕಳೆದು ನೋಡಬೇಕು. ಹಾಗೆಂದು ಕಾರವಾರಕ್ಕೆ ಹೋಗಲೇಬೇಡಿ ಎನ್ನುತ್ತಿಲ್ಲ. ದಡಕ್ಕೆತ್ತಿರುವುದರಿಂದ ನೀರಿನಲ್ಲಿದ್ದಾಗ ಕಾಣದ ಹೊಟ್ಟೆಯ ಬಾಗು, ಮುಂಭಾಗದ ಕೆಳಗೆ ಅದು ಕತ್ತಿಯಂತೆ ಚೂಪಾಗುವ ಬಗೆ ಕಣ್ಣೆದುರೇ ಇರುತ್ತದೆ. ಆ ಬಾಗನ್ನು ಯಾವ ಪೋಸ್ಟ್‌ಕಾರ್ಡೂ ತೋರಿಸುವುದಿಲ್ಲ.

ಇನ್ನು ಅಳತೆ. ನೂರಕ್ಕೆ ಒಂದರ ಪ್ರಮಾಣದಲ್ಲಿ ಮಾಡಿದರೆ ದೋಣಿ 38.6 ಸೆಂಟಿಮೀಟರ್ ಆಗುತ್ತದೆ, ಐವತ್ತಕ್ಕೆ ಒಂದಾದರೆ 77 ಸೆಂಟಿಮೀಟರ್. ಲೆಕ್ಕ ಸುಲಭ, ಕಷ್ಟ ಸಣ್ಣ ವಸ್ತುಗಳಲ್ಲಿದೆ. ಡೆಕ್ಕಿನ ಅಂಚಿನಲ್ಲಿ ಒಂದು ಸೆಂಟಿಮೀಟರ್ ದಪ್ಪದ ತಂತಿ ಇದೆಯೆನ್ನಿ. ನೂರಕ್ಕೆ ಒಂದರಲ್ಲಿ ಅದು ಮಿಲಿಮೀಟರಿನ ಹತ್ತನೇ ಒಂದು ಪಾಲು, ತಲೆಗೂದಲಿನ ದಪ್ಪ. ನಮ್ಮ ಮಕ್ಕಳು ಅಲ್ಲಿಗೆ ಹೊಲಿಗೆದಾರ ಹಾಕುತ್ತಾರೆ. ದೂರದಿಂದ ಚೆಂದ. ಆದರೆ ಅದೇ ಪ್ರಮಾಣದ ನಾವಿಕನೊಬ್ಬನನ್ನು ಪಕ್ಕಕ್ಕೆ ನಿಲ್ಲಿಸಿದರೆ ಅವನ ಹೆಬ್ಬೆರಳಿಗಿಂತ ದಪ್ಪನೆಯ ಹಗ್ಗ ಹಿಡಿದು ನಿಂತಂತಾಗುತ್ತದೆ. ಅದಕ್ಕಾಗಿ ಹಳೆಯ ಮೋಟಾರಿನ ಸುರುಳಿ ಬಿಚ್ಚಿದರೆ ಸಿಗುವ ತೆಳ್ಳನೆಯ ತಾಮ್ರದ ತಂತಿ ಒಳ್ಳೆಯದು. ಮೋಟಾರು ರಿವೈಂಡಿಂಗ್ ಅಂಗಡಿ ಇಲ್ಲದ ಊರು ನಮ್ಮ ಬೋರ್‌ವೆಲ್ ಸೀಮೆಯಲ್ಲಿ ಯಾವುದಿದೆ? ಕೇಳಿದರೆ ಪುಕ್ಕಟೆ ಕೊಡುತ್ತಾರೆ.

ಒಮ್ಮೆ ತೇರಿನ ಕೆಲಸ ಬಲ್ಲ ಬಡಿಗೇರ ಹಿರಿಯರೊಬ್ಬರು ಮಕ್ಕಳು ಮಾಡುತ್ತಿದ್ದ ದೋಣಿಯನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ‘ಸರ್, ಇದಕ್ಕ ಗಾಲಿ ಇಲ್ಲ, ಅಚ್ಚಿಲ್ಲ. ಮತ್ತ ಭಾರ ಎಲ್ಲಿ ನಿಂದರತೈತ್ರಿ?’ ಎಂದು ಕೇಳಿದರು. ಹಡಗಿನ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದೇ. ಭಾರ ನಿಲ್ಲುವುದು ನೀರಿನ ಮೇಲೆ. ಹಡಗು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಆ ನೀರಿನ ತೂಕವೇ ಹಡಗಿನ ತೂಕ.

ಕಪಾಟಿನಲ್ಲಿಡುವ ಮಾದರಿಗೆ ಈ ಮಾತು ಬೇಕಿಲ್ಲ. ಕೆರೆಯಲ್ಲಿ ಬಿಡುವ ಮಾದರಿಗೆ ಇದೇ ಮೂಲಪಾಠ. ಉದ್ದವನ್ನು 50 ಪಾಲು ಇಳಿಸಿದರೆ ಮೇಲ್ಮೈ 2,500 ಪಾಲು ಇಳಿಯುತ್ತದೆ, ತೂಕ 1,25,000 ಪಾಲು ಇಳಿಯುತ್ತದೆ. ಚಪಲ್‌ನಂಥ ದೋಣಿ ತುಂಬಿದ ಭಾರದಲ್ಲಿ 240 ಟನ್ ಆಸುಪಾಸು. ಅಂದಮೇಲೆ ಐವತ್ತಕ್ಕೆ ಒಂದರ ಮಾದರಿ ಎರಡು ಕಿಲೋಗಿಂತ ಸ್ವಲ್ಪ ಕಡಿಮೆ ತೂಗಬೇಕು. ಮರ, ಬಣ್ಣ, ಮೋಟಾರು, ಬ್ಯಾಟರಿ ಎಲ್ಲ ಸೇರಿ. ನೂರಕ್ಕೆ ಒಂದಾದರೆ ಕಾಲು ಕಿಲೋ ಕೂಡ ಇಲ್ಲ. ಹೆಚ್ಚಾದರೆ ದೋಣಿ ಬಣ್ಣದ ಗೆರೆ ದಾಟಿ ಮುಳುಗಿ ನಿಲ್ಲುತ್ತದೆ, ಕಡಿಮೆಯಾದರೆ ಬೆಂಡಿನಂತೆ ಮೇಲೆ ತೇಲಾಡುತ್ತದೆ. ಅದಕ್ಕೇ ಅನುಭವಸ್ಥರು ಗರಗಸದ ಪಕ್ಕದಲ್ಲೇ ತಕ್ಕಡಿ ಇಟ್ಟುಕೊಂಡಿರುತ್ತಾರೆ.

ವೇಗದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಗಂಟೆಗೆ ಸುಮಾರು 70 ಕಿಲೋಮೀಟರ್ ಓಡುವ ದೋಣಿಯ ಮಾದರಿ ಎಷ್ಟು ವೇಗದಲ್ಲಿ ಓಡಿದರೆ ಅದರ ಮುಂದೆ ಏಳುವ ಅಲೆ ನಿಜದೋಣಿಯ ಅಲೆಯ ಹಾಗೆ ಕಾಣುತ್ತದೆ? 50ರಿಂದ ಭಾಗಿಸಬಾರದು, 50ರ ವರ್ಗಮೂಲದಿಂದ ಭಾಗಿಸಬೇಕು. ಉತ್ತರ ಗಂಟೆಗೆ ಸುಮಾರು 10 ಕಿಲೋಮೀಟರ್. ಈ ನಿಯಮವನ್ನು ಪ್ರಯೋಗದಿಂದ ಗಟ್ಟಿ ಮಾಡಿದವನು ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರು. 1870ರ ದಶಕದಲ್ಲಿ ಅವನು ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಮೇಣದ ಹಡಗುಗಳನ್ನು ಎಳೆಸಿ ಎಳೆಸಿ ನೋಡಿದ. ಅಲ್ಲಿಂದಾಚೆಗೆ ಯುದ್ಧನೌಕೆಗಳ ನಕ್ಷೆ ಸರಿಯೋ ತಪ್ಪೋ ಎಂದು ಮೊದಲು ಹೇಳತೊಡಗಿದ್ದು ಇಂಥ ಮಾದರಿಗಳೇ. ನಮ್ಮ ಕಡೆಯ ಮಾಲವಿ ಜಲಾಶಯದಲ್ಲಿ ನೀರಿರುವ ವರ್ಷ ಗಾಳಿ ಬೀಸದ ಬೆಳಗಿನ ಹೊತ್ತು ನೋಡಿ ಪರೀಕ್ಷೆ ಮಾಡಬಹುದು. ಮಕ್ಕಳನ್ನು ಹಿರಿಯರಿಲ್ಲದೆ ಕಳಿಸಬೇಡಿ ಅಷ್ಟೆ.

ಭಾರದ ಮಾತು ಬಂದಾಗ ನಮ್ಮ ಜನಕ್ಕೆ ವಿವರಿಸಿ ಹೇಳುವುದೇನಿದೆ? 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಸಾವಿರಾರು ಜನರ ನಡುವೆ ಉರುಳಿಬಿದ್ದದ್ದನ್ನು ನೋಡಿದವರು ಇಂದಿಗೂ ಮರೆತಿಲ್ಲ. ಎತ್ತರದ ವಸ್ತು ನೆಟ್ಟಗೆ ನಿಲ್ಲಬೇಕಾದರೆ ಭಾರ ಅಡಿಯ ಗಡ್ಡೆಯಲ್ಲಿರಬೇಕು ಎಂಬುದು ಇಲ್ಲಿಯ ಬಡಿಗೇರರಿಗೆ ತಲೆತಲಾಂತರದ ತಿಳಿವಳಿಕೆ. ಅದನ್ನು ಲೆಕ್ಕಿಸದೆ ಮುಳುಗಿದ ಯುದ್ಧನೌಕೆಯೆಂದರೆ ಸ್ವೀಡನ್ನಿನ ‘ವಾಸಾ’. 1628ರ ಆಗಸ್ಟಿನಲ್ಲಿ, ಮೊದಲ ಯಾನದಲ್ಲೇ, ಸ್ಟಾಕ್‌ಹೋಮ್ ಬಂದರಿನ ಒಳಗೇ ಗಾಳಿಗೆ ವಾಲಿತು, ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿ ತಳ ಸೇರಿತು. ಮೇಲ್ಭಾಗದ ಭಾರಕ್ಕೆ ತಕ್ಕಷ್ಟು ಭಾರ ಅಡಿಯಲ್ಲಿರಲಿಲ್ಲ. 333 ವರ್ಷ ಕೆಸರಿನಲ್ಲಿದ್ದ ಹಡಗನ್ನು 1961ರಲ್ಲಿ ಎತ್ತಿದರು. ಈಗ ಅದಕ್ಕೊಂದು ವಸ್ತುಸಂಗ್ರಹಾಲಯವಿದೆ. ಹಡಗಿನ ಪಕ್ಕದಲ್ಲೇ ಹತ್ತಕ್ಕೆ ಒಂದರ ಪ್ರಮಾಣದ ಬಣ್ಣದ ಮಾದರಿಯೊಂದಿದೆ.

ಆ ಬಣ್ಣದ ಕಥೆ ಕೇಳಬೇಕು. ಹಡಗು ನೀರಿನಿಂದ ಬಂದಾಗ ಕಪ್ಪು ಓಕ್ ಮರ ಬಿಟ್ಟರೆ ಬಣ್ಣವೇನೂ ಉಳಿದಂತೆ ಕಾಣುತ್ತಿರಲಿಲ್ಲ. ನೀಲಿ ಹಿನ್ನೆಲೆ, ಅದರ ಮೇಲೆ ಬಂಗಾರದ ಶಿಲ್ಪಗಳು ಎಂದು ವಿದ್ವಾಂಸರು ಬಹಳ ಕಾಲ ನಂಬಿದ್ದರು. ಆಮೇಲೆ ಶಿಲ್ಪಗಳ ಸಂದಿಗೊಂದಿಯಲ್ಲಿ ಅಂಟಿಕೊಂಡಿದ್ದ ಬಣ್ಣದ ಕಣಗಳನ್ನು ಪರೀಕ್ಷಿಸಿದರೆ ಹಿನ್ನೆಲೆ ಕೆಂಪು! ಶಿಲ್ಪಗಳಿಗೂ ಬರೀ ಬಂಗಾರವಲ್ಲ, ಬಗೆಬಗೆಯ ಬಣ್ಣ. ಇವತ್ತಿನ ಮಾದರಿ ಅದಕ್ಕೆ ತಕ್ಕಂತೆ ಕೆಂಪಗಿದೆ.

ಇಂಥದ್ದನ್ನು ನೋಡಲು ಸ್ವೀಡನ್ನಿಗೇ ಹೋಗಬೇಕಾಗಿಲ್ಲ. ನಿಮ್ಮ ಜೇಬಿನಲ್ಲಿರುವ ಐವತ್ತು ರೂಪಾಯಿ ನೋಟು ತೆಗೆದು ನೋಡಿ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ತೇರು. ಅದೂ ಒಂದು ಮಾದರಿಯೇ, ಮರದ ತೇರನ್ನು ಕಲ್ಲಿನಲ್ಲಿ ಕಂಡರಿಸಿದ್ದು. ಗಾಲಿ, ಅಚ್ಚು, ಅಚ್ಚಿನ ಕೊನೆಯ ಕೀಲು ಎಲ್ಲ ಇದೆ. ಈಗ ಅದನ್ನು ಚಿಕ್ಕದಾಗಿ ಮಾಡಿ ಮಾರುವವರೆಲ್ಲ ನೋಟಿನಲ್ಲಿರುವ ಹಾಗೆಯೇ, ಮೇಲೆ ಚಪ್ಪಟೆಯಾಗಿ ಮಾಡುತ್ತಾರೆ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಆ ತೇರಿನ ಮೇಲೆ ಇಟ್ಟಿಗೆಯ ಶಿಖರವಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ಮುಂದೆ ನಿಂತ ಆನೆಗಳೂ ಮೂಲದವಲ್ಲ, ಬಗ್ಗಿ ನೋಡಿದರೆ ಅವುಗಳ ಹಿಂದೆ ಕುದುರೆಯ ಹಿಂಗಾಲುಗಳ ಗುರುತು ಸಿಗುತ್ತದೆ. ಹಾಗಾದರೆ ಯಾವ ಮಾದರಿ ಸರಿ? ಎರಡೂ ಸರಿಯೇ, ಯಾವ ವರ್ಷದ್ದು ಎಂದು ಬರೆದಿದ್ದರೆ.

ಈಗ ನಮ್ಮದೇ ಹಳೆಯ ನೌಕಾಪಡೆಗಳಿಗೆ ಬರೋಣ. ಇಲ್ಲಿ ಉತ್ಸಾಹ ಜಾಸ್ತಿ, ಆಧಾರ ಕಮ್ಮಿ. ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಪುರಿಯನ್ನು ನೂರಾರು ನೌಕೆಗಳಿಂದ ಮುತ್ತಿದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ನೌಕೆಗಳನ್ನು ಮದ್ದಾನೆಗಳಿಗೆ ಹೋಲಿಸಿದ ಕವಿ ರವಿಕೀರ್ತಿ, ಕೂವೆಮರ ಎಷ್ಟಿತ್ತು, ಹುಟ್ಟು ಎಷ್ಟಿತ್ತು ಎಂದು ಹೇಳುವ ಗೋಜಿಗೆ ಹೋಗಲಿಲ್ಲ. ಕವಿಯನ್ನು ಬೈಯಲಾಗದು. ಆದರೆ ‘ಪುಲಕೇಶಿಯ ಯುದ್ಧನೌಕೆ’ ಎಂದು ಯಾರಾದರೂ ಮಾದರಿ ಮಾಡಿ ಪ್ರದರ್ಶನಕ್ಕಿಟ್ಟರೆ ಅದು ಮಾಡಿದವರ ಕಲ್ಪನೆ, ಅಷ್ಟೇ. ಮುಂಬಯಿಯ ಬೋರಿವಲಿ ಹತ್ತಿರ ಎಕ್ಸಾರ್‌ನಲ್ಲಿರುವ ವೀರಗಲ್ಲುಗಳು ಇದಕ್ಕಿಂತ ಉಪಕಾರಿ. ಸಾಲಾಗಿ ಹುಟ್ಟು ಹಾಕಿದ ಯುದ್ಧನೌಕೆಗಳನ್ನು ಅವುಗಳ ಮೇಲೆ ಕೆತ್ತಿದ್ದಾರೆ.

ಟಿಪ್ಪು ಸುಲ್ತಾನನದು ಬೇರೆಯೇ ಪ್ರಕರಣ. ಅವನ ತಂದೆ ಹೈದರ ಹರಪನಹಳ್ಳಿ ಪಾಳೆಯಗಾರರಿಂದ ಕಪ್ಪ ವಸೂಲಿ ಮಾಡಿದ ಮಾತು ಈ ಕಡೆ ಎಲ್ಲರಿಗೂ ಗೊತ್ತು, ಮಗನ ಕಡಲಿನ ಕನಸು ಅಷ್ಟು ಗೊತ್ತಿಲ್ಲ. 1796ರಲ್ಲಿ ಟಿಪ್ಪು ಹೊರಡಿಸಿದ ನೌಕಾ ನಿಯಮಾವಳಿಯಲ್ಲಿ 22 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್ ಕಟ್ಟುವ ಯೋಜನೆಯಿತ್ತು. ಮಂಗಳೂರು ಸೇರಿ ಕರಾವಳಿಯ ಮೂರು ಕಡೆ ಹಡಗುಕಟ್ಟೆಗಳು. ಹಡಗುಗಳ ಮಾದರಿಯನ್ನು ಸುಲ್ತಾನನೇ ಒದಗಿಸಿದನೆಂದು ಇತಿಹಾಸಕಾರ ಮೊಹಿಬ್ಬುಲ್ ಹಸನ್ ಬರೆದಿದ್ದಾರೆ. ಕಡಲಿನಲ್ಲಿ ಕಾಂತಶಿಲೆಗಳು ಕಬ್ಬಿಣವನ್ನು ಸೆಳೆಯುತ್ತವೆಂಬ ಆ ಕಾಲದ ಭಯಕ್ಕೆ ತಳದಲ್ಲಿ ಕಬ್ಬಿಣ ಬೇಡ, ತಾಮ್ರ ಬಳಸಿ ಎಂಬ ಸೂಚನೆಯೂ ಇತ್ತಂತೆ. ಕಟ್ಟುವ ಹಡಗಿಗೆ ಮಾದರಿ ಮಾಡುವ ಪದ್ಧತಿ ಇಂಗ್ಲೆಂಡಿನಲ್ಲೂ ಅದಕ್ಕೂ ನೂರು ವರ್ಷ ಹಿಂದಿನಿಂದಲೇ ಇತ್ತು. ನೌಕಾ ಮಂಡಳಿಗಾಗಿ ಒಂದು ಅಡಿಗೆ ಕಾಲಂಗುಲದ ಲೆಕ್ಕದಲ್ಲಿ, ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬು ಕಾಣುವ ಹಾಗೆ ಹಡಗಿನ ಮಾದರಿ ಮಾಡುತ್ತಿದ್ದರು. ಅವು ಇಂದಿಗೂ ಉಳಿದಿವೆ. ಟಿಪ್ಪುವಿನ ಯೋಜನೆ 1799ರಲ್ಲಿ ಅವನೊಂದಿಗೇ ಮುಗಿಯಿತು.

ಆಧಾರ ಅಷ್ಟಕ್ಕಷ್ಟೇ ಇದ್ದರೂ ಪ್ರಾಮಾಣಿಕವಾಗಿ ಏನು ಮಾಡಬಹುದು ಎಂಬುದಕ್ಕೆ ಇತ್ತೀಚಿನ ಉದಾಹರಣೆ ಕಾರವಾರದಲ್ಲೇ ಸಿಗುತ್ತದೆ. ಅಜಂತಾ ಗುಹೆಯ ಐದನೇ ಶತಮಾನದ ಚಿತ್ರವೊಂದರಲ್ಲಿ ಹಡಗಿದೆ. ಅದನ್ನು ನೋಡಿ ಸುಮಾರು 20 ಮೀಟರ್ ಉದ್ದದ ನಿಜವಾದ ಹಡಗನ್ನೇ ಕಟ್ಟಿಸಿತು ನಮ್ಮ ನೌಕಾಪಡೆ. ಹಲಗೆಗಳನ್ನು ಮೊಳೆಯಿಂದ ಜೋಡಿಸಲಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದರು. ಹೊಲಿದವರು ಕೇರಳದ ಕುಶಲಕರ್ಮಿಗಳು. ಗೋಡೆಯ ಚಿತ್ರ ಒಂದೇ ಪಕ್ಕ ತೋರಿಸುತ್ತದೆ, ಹೊಟ್ಟೆಯ ಅಗಲ ಹೇಳುವುದಿಲ್ಲ, ನೀರಿನಡಿಯ ಆಕಾರ ಹೇಳುವುದಿಲ್ಲ. ಹಾಗಾಗಿ ಮದ್ರಾಸಿನ ಐಐಟಿಯಲ್ಲಿ ಚಿಕ್ಕ ಮಾದರಿ ಮಾಡಿ, ನೀರಿನಲ್ಲಿ ಅದರ ನಡತೆ ಪರೀಕ್ಷಿಸಿ ನೋಡಿದರು. ಫ್ರೂಡನ ಮೇಣದ ಹಡಗುಗಳ ಮರಿಮೊಮ್ಮಗು ಎನ್ನಿ. 2025ರ ಮೇ 21ರಂದು ಅದು ‘ಕೌಂಡಿನ್ಯ’ ಎಂಬ ಹೆಸರಿನಲ್ಲಿ ಕಾರವಾರದ ನೆಲೆಯಲ್ಲಿ ನೌಕಾಪಡೆ ಸೇರಿತು. ಹಾಯಿಯ ಮೇಲೆ ಗಂಡಭೇರುಂಡವಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ಫಿರಂಗಿಯಿಲ್ಲದ ಹಡಗು, ಯುದ್ಧನೌಕೆ ಎನ್ನಲಾಗದು. ಆದರೂ ಮಾದರಿಕಾರರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಚಿತ್ರದಲ್ಲಿ ಇದ್ದದ್ದೆಷ್ಟು, ಊಹಿಸಿ ಸೇರಿಸಿದ್ದೆಷ್ಟು ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಶುರು ಮಾಡಬೇಕೆನ್ನುವವರಿಗೆ ಎರಡು ಮಾತು. ಎನ್‌ಸಿಸಿಯ ನೌಕಾ ವಿಭಾಗದಲ್ಲಿ ಹಡಗಿನ ಮಾದರಿ ತಯಾರಿಕೆ ಅಧಿಕೃತ ಸ್ಪರ್ಧೆ. ಪ್ರತಿ ವರ್ಷದ ಅಖಿಲ ಭಾರತ ನೌ ಸೈನಿಕ್ ಶಿಬಿರದಲ್ಲಿ ಸುಮ್ಮನೆ ನಿಲ್ಲಿಸುವ ಮಾದರಿ, ಮೋಟಾರಿನ ಮಾದರಿ, ಹಾಯಿಯ ಮಾದರಿ ಎಲ್ಲವನ್ನೂ ನೋಡಿ ಅಂಕ ಕೊಡುತ್ತಾರೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಎನ್‌ಸಿಸಿ ಎಂದರೆ ಖಾಕಿ, ಬಿಳಿ ಸಮವಸ್ತ್ರ ಕಾಣುವುದಿಲ್ಲ. ಮಂಗಳೂರು, ಕಾರವಾರದ ಕಡೆ ಓದಲು ಹೋಗುವ ಮಕ್ಕಳು ವಿಚಾರಿಸಲಿ.

ಊರಲ್ಲೇ ಇರುವವರು ಹಾಯಿ ಹಡಗಿಗೆ ಮೊದಲೇ ಕೈ ಹಾಕಬೇಡಿ. ನೂರಾರು ಹಗ್ಗ, ಒಂದೊಂದಕ್ಕೂ ಒಂದೊಂದು ಗಂಟು. ಅರ್ಧಕ್ಕೇ ಬಿಟ್ಟ ಹಾಯಿ ಹಡಗುಗಳು ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಮನೆಗಳು ನನಗೆ ಗೊತ್ತು. ಕ್ಷಿಪಣಿ ದೋಣಿ ಹಿಡಿಯಿರಿ. ಮೇಲಿನಿಂದ, ಪಕ್ಕದಿಂದ, ಮುಂದಿನಿಂದ, ಹೀಗೆ ಮೂರು ನೋಟದ ನಕ್ಷೆಯನ್ನು ಬೇಕಾದ ಅಳತೆಗೆ ಜೆರಾಕ್ಸ್ ಮಾಡಿಸಿ. ಉದ್ದವನ್ನು ಸಮಭಾಗ ಮಾಡಿ ಪ್ರತಿ ಭಾಗದ ಅಡ್ಡಸೀಳನ್ನು ತೆಳು ಪ್ಲೈವುಡ್ಡಿನಲ್ಲಿ ಕೊಯ್ದು, ಕೆಳಗಿನ ತೊಲೆಗೆ ಪಕ್ಕೆಲುಬಿನಂತೆ ಫೆವಿಕಾಲ್ ಹಾಕಿ ನಿಲ್ಲಿಸಿ. ಮೇಲೆ ತೆಳ್ಳನೆಯ ಪಟ್ಟಿ ಹೊದಿಸಿ, ಪುಟ್ಟಿ ತುಂಬಿ, ಉಪ್ಪುಕಾಗದ ಹಾಕಿ ತಿಕ್ಕಿ. ಬೆರಳಿನಿಂದ ಸವರಿದರೆ ಎಲ್ಲೂ ಏರಿಳಿತ ತಗಲಬಾರದು. ಕಣ್ಣಿಗೆ ಕಾಣದ ಏರಿಳಿತ ಬೆರಳಿಗೆ ಸಿಗುತ್ತದೆ, ಬೆರಳಿಗೂ ಸಿಗದ್ದು ಬಣ್ಣ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಹೊಳಪಿನ ಪೇಂಟ್ ಬೇಡ, ಹಡಗು ಆಟಿಕೆಯಾಗುತ್ತದೆ. ಬೂದುಬಣ್ಣಕ್ಕೆ ಚೂರು ಬಿಳಿ ಬೆರೆಸಿ, ಏಕೆಂದರೆ ನಿಜಹಡಗನ್ನು ನಾವು ನೋಡುವುದು ದೂರದಿಂದ, ಆ ದೂರದಲ್ಲಿ ಬಣ್ಣ ಮಂಕಾಗಿರುತ್ತದೆ.

ಇಷ್ಟೆಲ್ಲ ಪಾಡು ಯಾಕೆ ಎಂದರೆ, ಹಡಗುಗಳು ಉಳಿಯುವುದಿಲ್ಲ. 1961ರಲ್ಲಿ ಬಂದ ನಮ್ಮ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್ 1997ರಲ್ಲಿ ನಿವೃತ್ತಿಯಾಗಿ, ಕೆಲವು ವರ್ಷ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ಗುಜರಿಗೆ ಹೋಯಿತು. 1971ರ ಡಿಸೆಂಬರ್ 9ರಂದು ಮುಳುಗಿದ ನಮ್ಮ ಯುದ್ಧನೌಕೆ ಖುಕ್ರಿ ಈಗಲೂ ಸಮುದ್ರದ ತಳದಲ್ಲಿದೆ. ದಿಯುವಿನ ಸ್ಮಾರಕದಲ್ಲಿ ಜನ ನೋಡುವುದು ಗಾಜಿನ ಪೆಟ್ಟಿಗೆಯೊಳಗಿನ ಅದರ ಮಾದರಿಯನ್ನು. ಅಲ್ಲಿ ನಿಂತವರಿಗೆ ಖುಕ್ರಿಯೆಂದರೆ ಅದೇ ಆಗಿರುವಾಗ ಅದರ ಚಿಮಣಿ, ಫಿರಂಗಿ, ಕಿಟಕಿ ಎಲ್ಲಿರಬೇಕೋ ಅಲ್ಲಿಯೇ ಇರಬೇಕು.

ನೀವು ಮಾಡಿದ ಹಡಗಿನ ಪೀಠದ ಅಡಿಗೆ ಒಂದು ಚೀಟಿ ಅಂಟಿಸಿ. ಹಡಗಿನ ಹೆಸರು, ವರ್ಷ, ಪ್ರಮಾಣ, ಯಾವ ನಕ್ಷೆ ಮತ್ತು ಫೋಟೋಗಳನ್ನು ನೋಡಿ ಮಾಡಿದ್ದು, ಯಾವ ಭಾಗ ಊಹೆಯಿಂದ ಮಾಡಿದ್ದು, ಇಷ್ಟು ಬರೆಯಿರಿ. ಬಾಲ್‌ಪೆನ್ನಿನ ಶಾಯಿ ಬೇಗ ಮಾಸುತ್ತದೆ, ಪೆನ್ಸಿಲಿನಲ್ಲಿ ಬರೆದರೆ ಒಳ್ಳೆಯದು.